ಎರಡನೆಯ ಮೆಟ್ಟಿಲಿನ ಟೆನಿಸ್

ಬೆಂಗಳೂರು ಓಪನ್ ಚಾಲೆಂಜರ್ ಗೆದ್ದವರ ಪಟ್ಟಿ ನೋಡಿ ಮೂಗು ಮುರಿಯುವುದು ಸುಲಭ. 2017ರಲ್ಲಿ ಸುಮಿತ್ ನಗಾಲ್, 2018ರಲ್ಲಿ ಪ್ರಜ್ಞೇಶ್ ಗುಣೇಶ್ವರನ್ ಗೆದ್ದರು. ಆಮೇಲೆ 2020ರಿಂದ 2025ರವರೆಗೆ ಸಿಂಗಲ್ಸ್ ಪ್ರಶಸ್ತಿ ಒಮ್ಮೆಯೂ ಭಾರತೀಯರ ಪಾಲಾಗಲಿಲ್ಲ. ಕಬ್ಬನ್ ಪಾರ್ಕಿನ ಅಂಗಳ ನಮ್ಮದು, ದುಡ್ಡು ನಮ್ಮದು, ಕಪ್ಪು ಮಾತ್ರ ಪರದೇಶಕ್ಕೆ ಎನ್ನುವವರ ಮಾತಿನಲ್ಲಿ ಲೆಕ್ಕ ಸರಿಯಿದೆ, ತಕ್ಕಡಿ ತಪ್ಪಾಗಿದೆ. ಚಾಲೆಂಜರ್‌ನಂಥ ಎಟಿಪಿಯ ಎರಡನೆಯ ದರ್ಜೆಯ ಟೂರ್ನಿಯನ್ನು ಕಪ್ಪಿನಿಂದ ತೂಗಬಾರದು. ಅಲ್ಲಿಂದ ಆಟಗಾರ ಎಲ್ಲಿಗೆ ಹೋದ ಎಂದು ನೋಡಬೇಕು. ಪ್ರಜ್ಞೇಶ್ ಬೆಂಗಳೂರಿನಲ್ಲಿ ಗೆದ್ದದ್ದು 2018ರ ನವೆಂಬರಿನಲ್ಲಿ. ಮರುವರ್ಷದ ಫೆಬ್ರುವರಿಗೆ ವಿಶ್ವದ ಮೊದಲ ನೂರರೊಳಗಿದ್ದರು. 2023ರಲ್ಲಿ ಆಸ್ಟ್ರೇಲಿಯಾದ ಮ್ಯಾಕ್ಸ್ ಪರ್ಸೆಲ್ ಚೆನ್ನೈ, ಬೆಂಗಳೂರು, ಪುಣೆಗಳ ಚಾಲೆಂಜರ್‌ಗಳನ್ನು ಸಾಲಾಗಿ ಮೂರು ವಾರ ಗೆದ್ದರು. ಅದೇ ಆಗಸ್ಟಿನಲ್ಲಿ ಸಿನ್ಸಿನಾಟಿಯ ಕ್ವಾರ್ಟರ್‌ಫೈನಲ್‌ನಲ್ಲಿ ಅಲ್ಕರಾಜ್‌ನಿಂದ ಒಂದು ಸೆಟ್ ಕಸಿದುಕೊಂಡರು. ಇಂಥವರ ಎದುರು ಸೋಲುವುದೂ ನಮ್ಮ ಹುಡುಗರಿಗೆ ಕಲಿಕೆಯೇ. ಆ ಕಲಿಕೆಗೆ ಅವರು ಯುರೋಪಿಗೆ ವಿಮಾನ ಹತ್ತಬೇಕಾಗಿಲ್ಲ ಎಂಬುದು ಸಣ್ಣ ಸಂಗತಿಯಲ್ಲ.

ಮನೆಯಂಗಳದಲ್ಲಿ ಗಳಿಸಿದ ಅಂಕಗಳು ಅಗ್ಗದವು, ಹೊರಗೆ ಹೋದರೆ ಬಣ್ಣ ಬಯಲಾಗುತ್ತದೆ ಎಂಬ ಆಕ್ಷೇಪಕ್ಕೆ ನಗಾಲ್ ಅವರ 2024ನೇ ವರ್ಷವೇ ಉತ್ತರ. ಫೆಬ್ರುವರಿಯಲ್ಲಿ ಚೆನ್ನೈ ಚಾಲೆಂಜರ್ ಗೆದ್ದು ನೂರರೊಳಗೆ ಬಂದರು, ಮುಂದಿನ ವಾರ ಬೆಂಗಳೂರಿನಲ್ಲಿ ಸೆಮಿಫೈನಲ್ ಆಡಿದರು. ಏಪ್ರಿಲ್‌ನಲ್ಲಿ ಮಾಂಟೆ ಕಾರ್ಲೊದ ಮಣ್ಣಿನ ಅಂಗಣದಲ್ಲಿ ಅರ್ಹತಾ ಸುತ್ತು ದಾಟಿ ಮುಖ್ಯ ಸುತ್ತಿನ ಪಂದ್ಯವನ್ನೂ ಗೆದ್ದರು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನ ತೆಳುಗಾಳಿಯಲ್ಲಿ ಚೆಂಡು ಹಾರುತ್ತದೆ, ಸರ್ವ್ ಬಲವಿದ್ದವನಿಗೆ ಲಾಭ. ಮಾಂಟೆ ಕಾರ್ಲೊ ಅದಕ್ಕೆ ತದ್ವಿರುದ್ಧ. ಅಗ್ಗದ ಅಂಕಗಳಾಗಿದ್ದರೆ ಅಲ್ಲಿ ಚಲಾವಣೆಯಾಗುತ್ತಿರಲಿಲ್ಲ.

ಹಾಗಾದರೆ ಇನ್ನೂ ದೊಡ್ಡ ಟೂರ್ನಿಯನ್ನೇ ಕರೆತರಬಾರದೇಕೆ? ತಂದಿದ್ದೆವು. 2008ರಲ್ಲಿ ವೀನಸ್ ಮತ್ತು ಸೆರೆನಾ ವಿಲಿಯಮ್ಸ್ ಇದೇ ಬೆಂಗಳೂರಿನಲ್ಲಿ ಸೆಮಿಫೈನಲ್ ಆಡಿದರು, ಸೆರೆನಾ ಪ್ರಶಸ್ತಿ ಒಯ್ದರು, ಮಹಿಳೆಯರ ಆ ಟೂರ್ನಿ ಅಲ್ಲಿಗೇ ನಿಂತಿತು. ಅದೇ ವರ್ಷ ಬರಬೇಕಿದ್ದ ಪುರುಷರ ಎಟಿಪಿ ಟೂರ್ನಿ ಭದ್ರತೆಯ ಕಾರಣಕ್ಕೆ ರದ್ದಾಯಿತು. ಚೆನ್ನೈನ ಎಟಿಪಿ ಟೂರ್ನಿ 2018ರಲ್ಲಿ ಪುಣೆಗೆ ಹೋಯಿತು, 2023ರ ಬಳಿಕ ಅಲ್ಲಿಂದಲೂ ಕಾಲ್ತೆಗೆಯಿತು. ದೊಡ್ಡ ಟೂರ್ನಿ ಪರವಾನಗಿ ಇದ್ದವರ ಸ್ವತ್ತು. ಹೆಚ್ಚು ಹಣ ಎಲ್ಲಿದೆಯೋ ಅದು ಅಲ್ಲಿ. ಇದ್ದಾಗಲಾದರೂ ಅದರಿಂದ ನಮ್ಮವರಿಗೆ ದಕ್ಕುತ್ತಿದ್ದುದೆಷ್ಟು? ವೈಲ್ಡ್ ಕಾರ್ಡ್ ಪಡೆದು ಮೊದಲ ಸುತ್ತಿನಲ್ಲೇ ಸೋತವನಿಗೆ ರ‍್ಯಾಂಕಿಂಗ್ ಅಂಕ ಸೊನ್ನೆ. ಪತ್ರಿಕೆಯಲ್ಲಿ ಒಂದು ಫೋಟೊ ಬಂದರೆ ಪುಣ್ಯ.

ಇದೆಲ್ಲ ಬೆಂಗಳೂರಿನ ಮಾತು, ಕುಸ್ತಿ-ಕಬಡ್ಡಿಯ ಹಾನಗಲ್ಲ, ಶಿಗ್ಗಾಂವಿ ಸೀಮೆಗೆ ಇದರಿಂದೇನು ಎಂದು ಕೇಳಬಹುದು. ಆ ಸೀಮೆಯ ಆಡೂರಿನ ಹುಡುಗನಿಗೆ ಬೆಂಗಳೂರು ದೂರ, ಧಾರವಾಡ ಹತ್ತಿರ. ಅಲ್ಲಿ 2023ರ ಅಕ್ಟೋಬರಿನಲ್ಲಿ 25,000 ಡಾಲರ್ ಬಹುಮಾನದ ಐಟಿಎಫ್ ಪುರುಷರ ಟೂರ್ನಿ ನಡೆದು ರಾಮಕುಮಾರ್ ರಾಮನಾಥನ್ ಗೆದ್ದರು. ಅದು ಚಾಲೆಂಜರ್‌ಗಿಂತ ಒಂದು ಮೆಟ್ಟಿಲು ಕೆಳಗೆ, ಏಣಿ ಮಾತ್ರ ಅದೇ. ಸಣ್ಣ ಊರಿಗೆ ಅಷ್ಟೇ ಸಾಕು ಎನ್ನುವವರು ಜರ್ಮನಿಯ ಎಕ್ಕೆಂಟಾಲ್ ಕಡೆ ನೋಡಲಿ. ಹಾನಗಲ್ಲಿಗಿಂತ ಕಡಿಮೆ ಜನವಿರುವ ಆ ಊರು 1997ರಲ್ಲಿ ಒಳಾಂಗಣ ಚಾಲೆಂಜರ್ ಶುರುಮಾಡಿ ವರ್ಷಗಟ್ಟಲೆ ನಡೆಸಿತು. ಚಾವಣಿಯ ಕೆಳಗೆ ಕಾರ್ಪೆಟ್ ಹಾಸಿನ ಕೋರ್ಟು; ಚೆಂಡು ಹೆಚ್ಚು ಪುಟಿಯದೆ ಜಾರಿಕೊಂಡು ಬರುತ್ತದೆ, ಗಾಳಿ-ಬಿಸಿಲಿನ ನೆಪ ಹೇಳುವಂತಿಲ್ಲ. ಧಾರವಾಡಕ್ಕೂ ಹಿಂಗಾರು ಮಳೆಯ ಕಾಟವಿರುವುದರಿಂದ ಚಾವಣಿ ಬಂದರೆ ಒಳ್ಳೆಯದೇ. ಅದಕ್ಕೂ ಮೊದಲು ಪ್ರತಿವರ್ಷ ಅದೇ ವಾರ ಟೂರ್ನಿ ಇದ್ದೇ ಇರುತ್ತದೆ ಎಂಬ ಖಾತರಿ ಬೇಕು. ಆಟಗಾರ ತನ್ನ ವರ್ಷದ ತಿರುಗಾಟವನ್ನು ಯೋಜಿಸುವುದು ಅದನ್ನು ನಂಬಿಯೇ.