ಓ3: ಹೆಸರು ಮತ್ತು ಅಳತೆ

ಜಿಸಿಸಿ ಕಂಪೈಲರಿಗೆ ಏನನ್ನೂ ಸೂಚಿಸದಿದ್ದರೆ ಅದು ಓ0 ಮಟ್ಟದಲ್ಲಿ, ಅಂದರೆ ಬಹುಪಾಲು ಆಪ್ಟಿಮೈಸೇಶನ್ ಇಲ್ಲದೆ, ಕೋಡ್ ತಯಾರಿಸುತ್ತದೆ. ಜನರ ಕೈ ಸೇರುವ ತಂತ್ರಾಂಶದ ರೂಢಿ ಬೇರೆ: ಡೆಬಿಯನ್ ಪ್ಯಾಕೇಜುಗಳಿಗೂ ಲಿನಕ್ಸ್ ಕರ್ನಲ್ಲಿಗೂ ಓ2 ಡಿಫಾಲ್ಟ್. ಅದರ ಮೇಲಿನ ಓ3ಕ್ಕೆ ಹೆಚ್ಚು ವೇಗದ ಮಟ್ಟವೆಂಬ ಹೆಸರಿದೆ. ಆ ಹೆಸರು ಅದರ ಯೋಗ್ಯತೆಗಿಂತ ದೊಡ್ಡದು.

ಓ3 ಫಂಕ್ಷನ್‌ಗಳನ್ನು ಕರೆದ ಜಾಗದಲ್ಲೇ ಇನ್ನಷ್ಟು ಧಾರಾಳವಾಗಿ ಹರಡುತ್ತದೆ, ಲೂಪುಗಳನ್ನು ಒಡೆದು ಮರುಜೋಡಿಸುತ್ತದೆ. ಕಂಪೈಲ್ ಸಮಯ ಹೆಚ್ಚುತ್ತದೆ, ಕೋಡ್ ಸಾಮಾನ್ಯವಾಗಿ ಹಿಗ್ಗುತ್ತದೆ. ಹಿಗ್ಗಿದ ಕೋಡ್ ಪ್ರೊಸೆಸರಿನ ಕ್ಯಾಶ್‌ನಲ್ಲಿ ಹಿಡಿಸದಿದ್ದರೆ ಗಳಿಸಿದ ವೇಗ ಅಲ್ಲೇ ಕರಗುತ್ತದೆ.

ನಿಜವಾದ ತೊಡಕು ಅಳತೆಯಲ್ಲಿದೆ. ಮಿಟ್ಕೊವಿಚ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದಂತೆ, ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳ ಒಟ್ಟು ಗಾತ್ರ ಬದಲಾದರೂ ಸಾಕು, ಓ3ದಿಂದ ಲಾಭವೋ ನಷ್ಟವೋ ಎಂಬ ಉತ್ತರವೇ ತಿರುವುಮುರುವಾಗಬಹುದು. ಮೆಮೊರಿಯಲ್ಲಿ ಕೋಡ್ ಮತ್ತು ದತ್ತಾಂಶ ಎಲ್ಲಿ ಕೂರುತ್ತವೆ ಎಂಬ ಆಕಸ್ಮಿಕವೂ ವೇಗವನ್ನು ನಿರ್ಧರಿಸುತ್ತದೆ. ಕರ್ಟ್‌ಸಿಂಗರ್ ಮತ್ತು ಬರ್ಗರ್ 2013ರಲ್ಲಿ ಸ್ಟೆಬಿಲೈಸರ್ ಎಂಬ ಸಾಧನದಿಂದ ಈ ಆಕಸ್ಮಿಕವನ್ನೇ ಪಳಗಿಸಿದರು. ಪ್ರೋಗ್ರಾಮ್ ಓಡುತ್ತಿರುವಾಗಲೇ ಕೋಡ್, ಸ್ಟ್ಯಾಕ್, ಹೀಪ್‌ಗಳ ಸ್ಥಾನವನ್ನು ಮತ್ತೆ ಮತ್ತೆ ಕಲಸಿದಾಗ ಒಂದೇ ಜೋಡಣೆಯ ಅದೃಷ್ಟ ಫಲಿತಾಂಶವನ್ನು ಆಳಲಾರದು. ಎಲ್‌ಎಲ್‌ವಿಎಂ ಕಂಪೈಲರಿನ ಮೇಲೆ ಸ್ಪೆಕ್ ಸಿಪಿಯು2006 ಎಂಬ ವೇಗಪರೀಕ್ಷೆಯ ಪ್ರೋಗ್ರಾಮುಗಳನ್ನು ಹೀಗೆ ಅಳೆದಾಗ, ಓ1ಕ್ಕಿಂತ ಓ2 ಸ್ಪಷ್ಟವಾಗಿ ಮೇಲೆನಿಸಿತು. ಓ2ಕ್ಕೂ ಓ3ಕ್ಕೂ ಕಂಡ ಅಂತರವನ್ನು ಮಾತ್ರ ಆಕಸ್ಮಿಕ ಏರಿಳಿತದಿಂದ ಬೇರ್ಪಡಿಸಲಾಗಲಿಲ್ಲ.

ಇದು ಒಂದು ಕಂಪೈಲರಿನ, ಒಂದು ಕಾಲದ ಫಲಿತಾಂಶವೆಂಬ ಆಕ್ಷೇಪ ಸರಿಯೇ. ಲೂಪುಗಳೇ ತುಂಬಿದ ಗಣಿತದ ಕೋಡಿಗೆ ಓ3 ನಿಜವಾದ ನೆರವು ನೀಡಬಲ್ಲದು. ಆದರೆ ಎರಡೂ ಮಟ್ಟಗಳನ್ನು ಒಂದೇ ಯಂತ್ರದಲ್ಲಿ, ಒಂದೇ ಜೋಡಣೆಯಲ್ಲಿ ಓಡಿಸಿ ಶೇಕಡಾ ಎರಡು ಮೂರರ ಗೆಲುವು ಸಾರುವ ವಿಮರ್ಶಕರು ಈ ಆಕ್ಷೇಪಕ್ಕೆ ಅರ್ಹರಲ್ಲ. ಅವರ ಅಳತೆಗೆ ಅಷ್ಟು ಸೂಕ್ಷ್ಮತೆಯೇ ಇಲ್ಲ. ಓ3ರಲ್ಲಿದ್ದ ವೆಕ್ಟರೀಕರಣವನ್ನು, ಅಂದರೆ ಹಲವು ಮೌಲ್ಯಗಳ ಮೇಲೆ ಒಮ್ಮೆಗೇ ಲೆಕ್ಕ ಮಾಡುವುದನ್ನು, 2022ರ ಜಿಸಿಸಿ 12 ಓ2ಕ್ಕೂ ತಂದಿತಲ್ಲ ಎಂಬುದು ಅವರ ಇನ್ನೊಂದು ವಾದ. ಜಿಸಿಸಿ ಅದನ್ನು ತಂದದ್ದು ಅತ್ಯಂತ ಬಿಗಿಯಾದ ವೆಚ್ಚದ ಲೆಕ್ಕದೊಂದಿಗೆ: ಹೊಸ ಕೋಡ್ ಹಳೆಯದರ ಜಾಗವನ್ನು ಪೂರ್ತಿ ತುಂಬುವಂತಿದ್ದರೆ ಮಾತ್ರ. ಗೆದ್ದದ್ದು ಓ2ರ ಮಿತವ್ಯಯವೇ.

ಡಿಫಾಲ್ಟ್ ಓ2 ಆಗಿಯೇ ಉಳಿಯಬೇಕು. ಸಮಯ ತಿನ್ನುವ ಭಾಗ ಯಾವುದೆಂದು ಅಳೆದು ಕಂಡುಕೊಂಡವರು ಆ ಭಾಗಕ್ಕಷ್ಟೇ ಓ3 ಬಳಸಲಿ.