ಕೋಲು ಹಿಡಿದು ಬರುವ ಅತಿಥಿ

ಖಯಾಲ್ ಕೇಳಿ ಪಳಗಿದ ನಮ್ಮ ಕಿವಿಗೆ ಸಿಂಫನಿ ಆರ್ಕೆಸ್ಟ್ರಾದ ಕಂಡಕ್ಟರ್ ಒಂದು ಒಗಟು. ಇಡೀ ವೇದಿಕೆಯಲ್ಲಿ ಸದ್ದೇ ಮಾಡದವನು ಅವನೊಬ್ಬ, ಚಪ್ಪಾಳೆಯಲ್ಲಿ ಸಿಂಹಪಾಲು ಮಾತ್ರ ಅವನದೇ. ಅವನು ಅತಿಥಿಯಾಗಿದ್ದರಂತೂ ಅನುಮಾನ ಇಮ್ಮಡಿ. 2006ರಲ್ಲಿ ಹುಟ್ಟಿದ ಮುಂಬೈಯ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಹೊಸ ಹಂಗಾಮಿನ ಕಛೇರಿಗಳನ್ನು ಪ್ರಕಟಿಸಿದಾಗ ಹೊರಗಿನ ಕಂಡಕ್ಟರ್ ಹೆಸರು ಕಂಡರೆ, ನಾಲ್ಕು ದಿನ ತಾಲೀಮು ಮಾಡಿಸಿ ಹೊರಟುಹೋಗುವವನಿಂದ ಏನು ಫಲ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ನನ್ನ ಎಣಿಕೆ ಬೇರೆ. ಒಳ್ಳೆಯ ಆರ್ಕೆಸ್ಟ್ರಾಗಳನ್ನು ತಿದ್ದಿ ಬೆಳೆಸಿದವರಲ್ಲಿ ಅತಿಥಿಗಳ ಪಾಲು ದೊಡ್ಡದು. ಆದರೆ ಅವರನ್ನು ಒಂದೇ ಸಲ ಕರೆದು ಕೈತೊಳೆದುಕೊಳ್ಳಬಾರದು.

ಸ್ವರಲಿಪಿ ಮುಂದಿರುವಾಗ ವಾದಕರಿಗೆ ಇನ್ನೊಬ್ಬನ ಹಂಗೇಕೆ ಎನ್ನುವವರು ಕಂಡಕ್ಟರನ ಕೆಲಸವನ್ನು ಕಛೇರಿಯ ರಾತ್ರಿ ಹುಡುಕುತ್ತಾರೆ. ಅದು ಅಷ್ಟರಲ್ಲಿ ಮುಗಿದಿರುತ್ತದೆ. ಪಿಟೀಲುಗಳ ಕಮಾನು ಎಲ್ಲಿ ಮೇಲೇಳಬೇಕು, ತುತ್ತೂರಿಯವರು ಎಷ್ಟು ತಗ್ಗಿದರೆ ಓಬೋ ಕೇಳಿಸೀತು, ಒಂದು ವಾಕ್ಯದ ಕೊನೆಯಲ್ಲಿ ಎಷ್ಟು ಉಸಿರು ಬಿಡಬೇಕು, ಇವೆಲ್ಲ ತಾಲೀಮಿನಲ್ಲೇ ತೀರ್ಮಾನವಾಗುವ ಸಂಗತಿಗಳು. ಬರೆದಿಟ್ಟ ಲಿಪಿ ಲಯದ ಹದವನ್ನು ಪೂರ್ತಿ ಹೇಳುವುದಿಲ್ಲ. ಫುರ್ಟ್‌ವೆಂಗ್ಲರ್ ಕೈಯಲ್ಲಿ ಬೀಥೋವನ್ ಹಿಗ್ಗಿ ಕುಗ್ಗುತ್ತಾನೆ, ತೊಸ್ಕನೀನಿ ಕೈಯಲ್ಲಿ ಬಿಗಿದ ತಂತಿಯಾಗುತ್ತಾನೆ. ಸ್ವರಗಳು ಅವೇ. ಇದನ್ನು ಧಾರವಾಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಭೀಮಸೇನ ಜೋಶಿಯವರ ಯಮನ್ ಕೇಳಿದ ಮೇಲೆ ಮಲ್ಲಿಕಾರ್ಜುನ ಮನಸೂರರದು ಬೇಡವೆಂದವರು ಈ ಊರಿನಲ್ಲಿ ಯಾರಿದ್ದಾರೆ? ಕಿರಾಣಾದ ನಿಲುಗಡೆಯೂ ಜೈಪುರ-ಅತ್ರೌಲಿಯ ಲಯದ ಹೆಣಿಗೆಯೂ ಒಂದೇ ರಾಗದ ಎರಡು ಓದು ಎಂದು ಒಪ್ಪುವ ರಸಿಕರು, ಒಂದೇ ಸಿಂಫನಿಗೆ ಬೇರೆ ಬೇರೆ ಕಂಡಕ್ಟರ್ ಯಾಕೆ ಎಂದು ಕೇಳುವುದು ವಿಚಿತ್ರವೇ ಸರಿ.

ಸಾಕ್ಷಿ ಬೇಕಾದರೆ ಮೈಸೂರಿನ ಕಡೆಗೇ ನೋಡಬಹುದು. ವಾಲ್ಟರ್ ಲೆಗ್ 1945ರಲ್ಲಿ ಲಂಡನ್ನಿನಲ್ಲಿ ಕಟ್ಟಿದ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾದ ಆರಂಭದ ದಿನಗಳಲ್ಲಿ ಹಣದ ಆಸರೆಯಾಗಿ ನಿಂತವರು ಜಯಚಾಮರಾಜ ಒಡೆಯರ್. ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ. ಆ ಆರ್ಕೆಸ್ಟ್ರಾ ಬಹುಕಾಲ ಒಬ್ಬ ಯಜಮಾನನಿಗೆ ಕಟ್ಟುಬೀಳಲಿಲ್ಲ, 1959ರಲ್ಲಿ ಕ್ಲೆಂಪರರ್ ಪ್ರಧಾನ ಕಂಡಕ್ಟರ್ ಆಗುವವರೆಗೆ ಅತಿಥಿಗಳ ಕೈಯಲ್ಲೇ ಪಳಗಿತು. ಹೆಚ್ಚು ಜನ ಕೇಳಿರದ ಬಾಲಾಕಿರೆವ್‌ನ ಮೊದಲ ಸಿಂಫನಿಯನ್ನು 1949ರಲ್ಲಿ ಕರಾಯಾನ್ ಧ್ವನಿಮುದ್ರಿಸಿದ್ದು ಮೈಸೂರಿನ ನೆರವಿನಿಂದ. ರಿಚರ್ಡ್ ಸ್ಟ್ರಾಸ್ ತೀರಿಕೊಂಡ ಮರುವರ್ಷ, 1950ರ ಮೇ 22ರಂದು, ಅವನ ಕೊನೆಯ ನಾಲ್ಕು ಹಾಡುಗಳು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಕೇಳಿಬಂದವು. ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ಆರ್ಕೆಸ್ಟ್ರಾ ಫಿಲ್‌ಹಾರ್ಮೋನಿಯಾ, ಕೋಲು ಹಿಡಿದ ಅತಿಥಿ ಫುರ್ಟ್‌ವೆಂಗ್ಲರ್. ಕಛೇರಿಗೆ 4,800 ಡಾಲರ್ ಖಾತರಿ ಕೊಟ್ಟ ಮಹಾರಾಜರು ಅಲ್ಲಿರಲಿಲ್ಲ. ಅವರಿಗಾಗಿ ಮಾಡಿದ ಧ್ವನಿಮುದ್ರಣ ಮೈಸೂರಿಗೆ ಬಂತು. ಕರ್ನಾಟಕ ಶೈಲಿಯಲ್ಲಿ 94 ಕೃತಿ ರಚಿಸಿದವರಿಗೆ ಈ ಇನ್ನೊಂದು ಸಂಗೀತ ಪರಕೀಯವೆನಿಸಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು.

ಸಂಗೀತದಲ್ಲಿ ಆಳ ಬರುವುದು ವರ್ಷಗಟ್ಟಲೆಯ ಒಡನಾಟದಿಂದ, ಬಂದು ಹೋಗುವವರಿಂದಲ್ಲ ಎಂಬ ಆಕ್ಷೇಪ ಹಗುರವಾದದ್ದಲ್ಲ. ಗುರುಕುಲದ ಊರಿನಲ್ಲಿ ಅದಕ್ಕೆ ಇನ್ನೂ ತೂಕ ಹೆಚ್ಚು. ಆದರೆ ನಮ್ಮ ಸಂಗೀತದ ಬೇರನ್ನೇ ನೋಡಿ. ಅಬ್ದುಲ್ ಕರೀಂ ಖಾನರು ಮೈಸೂರು ಅರಮನೆಯ ಅತಿಥಿ. ಹೋಗಿಬರುವ ಹಾದಿಯಲ್ಲಿ ಧಾರವಾಡದಲ್ಲಿ ಸೋದರನ ಮನೆಯಲ್ಲಿ ಇಳಿಯುತ್ತಿದ್ದರು, ಕಲಿಸುತ್ತಿದ್ದರು. ಅವರಿಂದ ಕುಂದಗೋಳದ ಸವಾಯಿ ಗಂಧರ್ವರು ಕಲಿತರು, ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನರು. ಅತಿಥಿಯೊಬ್ಬ ಈ ಸೀಮೆಯ ಕಂಠವನ್ನೇ ಬದಲಿಸಿದ. ಖಾನರು ಒಂದೇ ಬೈಠಕ್ ಹಾಡಿ ಹೊರಟುಹೋಗಿದ್ದರೆ ಇದಾಗುತ್ತಿರಲಿಲ್ಲ ಎನ್ನುವುದೂ ನಿಜ, ನಾನು ಹಾಕುವ ಷರತ್ತು ಹುಟ್ಟಿದ್ದೂ ಅಲ್ಲಿಂದಲೇ. ಕರಾಯಾನ್ ಕೂಡ ಫಿಲ್‌ಹಾರ್ಮೋನಿಯಾಕ್ಕೆ ಒಮ್ಮೆ ಬಂದು ಹೋದವನಲ್ಲ, ವರ್ಷ ವರ್ಷ ಮರಳಿದವನು. ಹಂಗಾಮಿಗೊಂದು ಹೊಸ ಹೆಸರು ತಂದು ಜಾಹೀರಾತು ತುಂಬಿಸುವ ಆರ್ಕೆಸ್ಟ್ರಾ ಅತಿಥಿಗಳಿಂದ ಏನನ್ನೂ ಕಲಿಯದು.

ಮಹಾರಾಜರ ಖಜಾನೆ ಈಗೆಲ್ಲಿದೆ ಎಂದರೆ, ಅಷ್ಟು ದೊಡ್ಡ ಖರ್ಚಿನ ಮಾತನ್ನು ಇಲ್ಲಿ ಯಾರೂ ಎತ್ತುತ್ತಿಲ್ಲ. 1868ರಷ್ಟು ಹಿಂದಿನ ಮೂಲವಿರುವ ಅರಮನೆಯ ವಾದ್ಯವೃಂದ ಇಂದು ಕರ್ನಾಟಕ ಪೊಲೀಸ್ ಬ್ಯಾಂಡ್ ಆಗಿ ಉಳಿದಿದೆ. ಅದರ ಇಂಗ್ಲಿಷ್ ಬ್ಯಾಂಡ್ ದಸರೆಯಲ್ಲಿ ನುಡಿಸುತ್ತದೆ, ಜನ ನಿಂತು ಕೇಳುತ್ತಾರೆ. ವಾದಕರು ಸಿದ್ಧರಿದ್ದಾರೆ, ಸಂಬಳ ಸರಕಾರದ್ದು. ದಸರೆಗೆ ಮೊದಲು ಒಬ್ಬ ಒಳ್ಳೆಯ ಕಂಡಕ್ಟರನ್ನು ಎರಡು ವಾರ ಕರೆಸಿ, ಅವನೇ ಮೂರು ವರ್ಷ ಸತತವಾಗಿ ಬರುವಂತೆ ಒಪ್ಪಂದ ಮಾಡಿಕೊಳ್ಳುವುದು ಸರಕಾರಕ್ಕೆ ಭಾರವಾಗದು. ದಸರೆ ಮುಗಿದ ಮೇಲೆ ಅವನನ್ನೂ ಬ್ಯಾಂಡನ್ನೂ ಒಂದು ಸಂಜೆಯ ಮಟ್ಟಿಗೆ ಧಾರವಾಡಕ್ಕೆ ಕಳಿಸಿಕೊಡಲಿ.