ಸಿಕ್ಕಿದವರು ಯಾರು?

ಅಮಂಡಾ ಲಿಪಿಟ್ಸ್ ನಿರ್ದೇಶಿಸಿದ ‘ಫೌಂಡ್’ (೨೦೨೧) ಎಂಬ ಸಾಕ್ಷ್ಯಚಿತ್ರವನ್ನು ಈಚೆಗೆ ನೋಡಿದೆ. ಚೀನಾದಲ್ಲಿ ಹುಟ್ಟಿ ಅಮೆರಿಕಕ್ಕೆ ದತ್ತು ಹೋದ ಮೂವರು ಹುಡುಗಿಯರು, ತಾವು ರಕ್ತಸಂಬಂಧಿಗಳೆಂದು ಡಿ.ಎನ್.ಎ. ಪರೀಕ್ಷೆಯಿಂದ ತಿಳಿದು, ಒಟ್ಟಿಗೆ ಹುಟ್ಟುನಾಡಿಗೆ ಹೊರಡುತ್ತಾರೆ.

ಹೆಸರಿನ ಅರ್ಥ ‘ಸಿಕ್ಕಿತು’ ಎಂದಾದರೂ ಹೆತ್ತವರು ಸಿಕ್ಕುವುದಿಲ್ಲ. ಹಿಂದೆ ಮಗಳನ್ನು ಬಿಟ್ಟವರು ಆಸೆಯಿಂದ ಪರೀಕ್ಷೆಗೆ ಒಪ್ಪುತ್ತಾರೆ, ರಕ್ತ ಹೊಂದುವುದಿಲ್ಲ. ಸಿಕ್ಕುವವರು, ಅನಾಥಾಲಯದಲ್ಲಿ ಈ ಕೂಸುಗಳನ್ನು ಎತ್ತಿ ಆಡಿಸಿದ ಆಯಾಗಳು. ಕರ್ಣನಿಗೆ ರಾಧೇಯನೆಂದೇ ಹೆಸರಾದರೂ, ಅವನ ಕಥೆಯಲ್ಲಿ ನಾವು ಕುಂತಿಯ ಮುಖವನ್ನೇ ನೋಡುತ್ತೇವೆ. ಸಾಕಿದ ಕೈಗಳನ್ನು ಈ ಚಿತ್ರ ಮುಂದೆ ತಂದು ನಿಲ್ಲಿಸಿದೆ. ನಾನು ಮೆಚ್ಚಿದ್ದು ಅದನ್ನೇ.

ಒಂದು ಕೊರತೆಯನ್ನೂ ಹೇಳಲೇಬೇಕು. ೧೯೮೦ರ ಸುಮಾರಿನಿಂದ ೨೦೧೫ರವರೆಗೆ ನಡೆದ ‘ಒಂದೇ ಮಗು’ ನೀತಿಯ ಕಾಠಿಣ್ಯವನ್ನು ಚಿತ್ರ ಮೆಲ್ಲಗೆ ದಾಟಿಬಿಡುತ್ತದೆ. ತಾಯಂದಿರ ಕಣ್ಣೀರು ಕಾಣುತ್ತದೆ. ಅದಕ್ಕೆ ಕಾರಣವಾದ ಪ್ರಭುತ್ವ ಅಷ್ಟಾಗಿ ಕಾಣದು. ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಹೊರಗೆ ಕಳಿಸಿದ ಚೀನಾ, ಹತ್ತಿರದ ಬಂಧುಗಳ ಹೊರತು ಉಳಿದ ವಿದೇಶೀಯರಿಗೆ ದತ್ತು ಕೊಡುವುದನ್ನು ೨೦೨೪ರಲ್ಲಿ ನಿಲ್ಲಿಸಿತು. ಹೋದ ಮಕ್ಕಳು ಬೆಳೆದು ಹುಡುಕುತ್ತಿದ್ದಾರೆ. ಆಡಿಸಿದ ಆಯಾಗಳಿಗೆ ವಯಸ್ಸಾಗುತ್ತಿದೆ. ಅವರ ನೆನಪನ್ನಾದರೂ ಚಿತ್ರ ಉಳಿಸಿಕೊಟ್ಟಿದೆ.